ಎಮ್ಮೆಬೆನ್ನಿನ ಐದನೇ ಕಲ್ಲು

ಯಾರೋ ಕರೆದಂತಾಯಿತು, ಏನೋ ಕಂಡಂತಾಯಿತು ಎಂದು ಯಾರಾದರೂ ಶುರು ಮಾಡಿದರೆ ನಾನು ಮೊದಲು ಕೇಳುತ್ತಿದ್ದದ್ದು, ಹಿಂದಿನ ರಾತ್ರಿ ನಿಮಗೆ ಸರಿಯಾಗಿ ನಿದ್ದೆ ಆಗಿತ್ತಾ ಅಂತ. ಜಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು ನಾನು. ಸ್ಟಾಫ್ ರೂಮಿನಲ್ಲಿ ಇಂಥ ಕಥೆ ಹೇಳಲು ಹೊರಟವರು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ್ದುಂಟು. ಈಗ ನಾನೇ ಬರೆಯಲು ಕೂತಿದ್ದೇನೆ. ನೀವು ಅದೇ ಪ್ರಶ್ನೆ ಕೇಳುತ್ತೀರಿ ಎಂದು ಗೊತ್ತಿರುವುದರಿಂದ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಹಿಂದಿನ ರಾತ್ರಿ ಹತ್ತಕ್ಕೆ ಮಲಗಿ ಐದಕ್ಕೆ ಎದ್ದಿದ್ದೆ. ಜ್ವರ ಇರಲಿಲ್ಲ. ನಡೆದದ್ದು ಹಾಡಹಗಲು, ಭಾನುವಾರ ಬೆಳಗಿನ ಏಳೂವರೆಯಿಂದ ಮಧ್ಯಾಹ್ನದೊಳಗೆ.

ಇದಾಗಿ ನಾಲ್ಕು ವರ್ಷವಾಯಿತು. ನಮ್ಮೂರಿನಿಂದ ಗಾಡಿಯಲ್ಲಿ ಮುಕ್ಕಾಲು ಗಂಟೆ ಹೋದರೆ ಎಮ್ಮೆಬೆನ್ನು ಗುಡ್ಡ ಸಿಗುತ್ತದೆ. ದೂರದಿಂದ ನೋಡಿದರೆ ಕೆರೆಯಲ್ಲಿ ಮುಳುಗಿ ಬೆನ್ನಷ್ಟೇ ಮೇಲಿಟ್ಟ ಎಮ್ಮೆಯ ಹಾಗೆ ಕಾಣುವುದರಿಂದ ಆ ಹೆಸರು. ಒಂದು ಕಾಲಕ್ಕೆ ಕುರಿಯವರು ಬಿಟ್ಟರೆ ಯಾರೂ ಹತ್ತುತ್ತಿರಲಿಲ್ಲ. ಈಗ ಅದರ ಬುಡದಲ್ಲಿ ಉದ್ಯಾನ ಆಗಿದೆ. ಗೇಟು, ಕಲ್ಲುಬೆಂಚು, ಮಕ್ಕಳ ಜಾರುಬಂಡೆ, ಅರ್ಧ ಗುಡ್ಡದವರೆಗೆ ಮೆಟ್ಟಿಲು, ಕಬ್ಬಿಣದ ಕಂಬಿ. ಅಲ್ಲಿಂದ ಮೇಲೆ ಬರೀ ಬಂಡೆ, ಕಾರೆಗಿಡ, ಹುಲ್ಲು. ಭಾನುವಾರ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬೈಕುಗಳ ಸಾಲು.

ಮೆಟ್ಟಿಲು ಶುರುವಾಗುವಲ್ಲಿ ಒಂದು ಹಾಸುಬಂಡೆ ಇದೆ. ಮೇಲೆ ಹೋಗುವವರು ಅದರ ಮೇಲೆ ತಲೆಗೊಂದರಂತೆ ಮುಷ್ಟಿಗಾತ್ರದ ಕಲ್ಲು ಇಟ್ಟು ಹೋಗಬೇಕು, ಇಳಿದು ಬಂದಾಗ ತಾವಿಟ್ಟದ್ದನ್ನು ತಾವೇ ತೆಗೆಯಬೇಕು. ಕುರಿ ಕಾಯುವವರು ಮಾಡಿಕೊಂಡ ಪದ್ಧತಿ ಅದು. ಸಂಜೆ ಬಂಡೆಯ ಮೇಲೆ ಕಲ್ಲು ಉಳಿದಿದ್ದರೆ ಯಾರೋ ಮೇಲೆ ಉಳಿದಿದ್ದಾರೆಂದು ತಿಳಿದು ಹುಡುಕಲು ಹೋಗುತ್ತಿದ್ದರು. ಬೇರೆಯವರ ಕಲ್ಲನ್ನು ಯಾರೂ ಮುಟ್ಟುವಂತಿಲ್ಲ. ಈಗಿನವರಿಗೆ ಅದು ಹರಕೆಯಂತೆ ಕಾಣುತ್ತದೆ. ಮದುವೆಯಾಗಲೆಂದು ಒಂದು, ಮನೆಯಾಗಲೆಂದು ಮೂರು ಕಲ್ಲು ಒಂದರ ಮೇಲೊಂದು ಪೇರಿಸಿ, ಫೋಟೊ ತೆಗೆದುಕೊಂಡು ಹೋಗಿಬಿಡುತ್ತಾರೆ.

ಇದಕ್ಕೆಲ್ಲ ಕಾವಲು ಬೊಮ್ಮಕ್ಕ. ಅರವತ್ತು ದಾಟಿದ ಹೆಂಗಸು. ಕುರಿಯನ್ನು ಸೊಸೆಗೆ ಒಪ್ಪಿಸಿ, ಬಂಡೆಯ ಎದುರಿಗೇ ತಾಡಪಾಲು ಕಟ್ಟಿಕೊಂಡು ಮಂಡಕ್ಕಿ, ಮಿರ್ಚಿ, ಚಾ ಮಾರುತ್ತಾಳೆ. ಕಲ್ಲು ಪೇರಿಸುವವರನ್ನು ಕಂಡರೆ ಅವಳಿಗೆ ಆಗದು. ಅವತ್ತು ನಾವು ಹೋದಾಗಲೂ ಹಿಂದಿನ ವಾರದ ಒಂದು ಜೋಡಿಯನ್ನು ನೆನೆದು ಬಯ್ಯುತ್ತಿದ್ದಳು.

"ಮೂರು ಅಂತಸ್ತು ಏರಿಸಿದ್ರು ನೋಡ್ರಿ. ಇದೇನು ನಿಮ್ಮಪ್ಪನ ಸೈಟಾ ಅಂದೆ. ಹಲ್ಲು ಕಿಸ್ಕಂಡು ಹೋದ್ರು. ಸಂಜಿಕೆ ಗುಡ್ಡದ ಮ್ಯಾಲೆ ಮೂರು ಮಂದಿ ಅದಾರಂತ ನಾನು ಹುಡುಕ್ಸಾಕೆ ಕಳಿಸ್ಬೇಕಾ?"

ನಾವು ನಾಲ್ಕು ಜನ ಇದ್ದೆವು. ನಾನು, ನನ್ನ ಅಪ್ಪ, ವಾಣಿಜ್ಯಶಾಸ್ತ್ರ ಹೇಳಿಕೊಡುವ ಪ್ರಕಾಶ್ ಸರ್, ಅವರ ಹೆಂಡತಿ ರೂಪಾ. ಪ್ರಕಾಶ್ ಅವರಿಗೆ ಗುಡ್ಡ ಹತ್ತುವ ಹುಚ್ಚು, ಎಮ್ಮೆಬೆನ್ನಿಗೆ ಹತ್ತಾರು ಸಲ ಬಂದವರು.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಹೊನ್ನಾಳಿ, ನ್ಯಾಮತಿ, ಸವಳಂಗದ ಕಡೆ ಓಡುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದರು. ಹೊಸದರಲ್ಲಿ ಒಂದು ಸಲ ಸವಳಂಗದಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ತಲೆ ಎಣಿಸದೆ ಸೀಟಿ ಊದಿ ಹೊರಟುಬಿಟ್ಟರು. ಇಳಿದಿದ್ದ ಒಬ್ಬ ಮುದುಕ ಮಳೆಯಲ್ಲಿ ಹಿಂದೆಯೇ ಉಳಿದ. ನಡೆದೇ ಊರು ಮುಟ್ಟಿ ತಿಂಗಳು ಜ್ವರ ಮಲಗಿದನಂತೆ. ಅಲ್ಲಿಂದ ಮುಂದೆ ನಿವೃತ್ತರಾಗುವವರೆಗೆ, ಎಲ್ಲಿ ನಿಂತರೂ ಎಣಿಸದೆ ಅವರು ಬಸ್ಸು ಬಿಡಿಸಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಎಣಿಸುತ್ತಿದ್ದರು. ಆದರೆ ನಾನು ಹೇಳುತ್ತಿರುವ ಹೊತ್ತಿಗೆ ಅವರು ನನ್ನ ಮನೆಗೆ ಬಂದು ಒಂದು ವರ್ಷವಾಗಿತ್ತು, ಮರೆವು ಶುರುವಾಗಿತ್ತು. ಹಾಲು ಉಕ್ಕಿ ಗ್ಯಾಸ್ ಆರಿಹೋದದ್ದು ತಿಳಿಯುತ್ತಿರಲಿಲ್ಲ. ಎರಡು ಸಲ ನನ್ನನ್ನು ಸೋದರತ್ತೆಯ ಹೆಸರಿನಿಂದ ಕರೆದಿದ್ದರು. ದಾವಣಗೆರೆಯ ಡಾಕ್ಟರರ ಬಳಿ ಆ ಮುಂದಿನ ವಾರಕ್ಕೆ ಹೆಸರು ಬರೆಸಿದ್ದೆ. ಆ ವಿಷಯ ಅವರಿಗೂ ಗೊತ್ತಿತ್ತು. ಅದರ ಬಗ್ಗೆ ನಾವಿಬ್ಬರೂ ಮಾತಾಡುತ್ತಿರಲಿಲ್ಲ.

ಬೊಮ್ಮಕ್ಕ ಹೇಳಿದಂತೆ ಅಪ್ಪನೇ ನಾಲ್ಕೂ ಕಲ್ಲು ಆರಿಸಿ, ಬಂಡೆಯ ಮೇಲೆ ಸಾಲಾಗಿ ಇಟ್ಟರು. ಅದಕ್ಕೆ ಮೊದಲು ಬಂಡೆ ಬರಿದಾಗಿತ್ತು, ಒಣಗಿಯೂ ಇತ್ತು. ಅವರು ಬಗ್ಗಿ ಇಡುವುದು ಚೆನ್ನಾಗಿ ಕಂಡಿತೆಂದು ಫೋನಿನಲ್ಲಿ ಒಂದು ಫೋಟೊ ತೆಗೆದೆ. ಕಾಡಿನ ವಾಚರ್ ಓಬಳೇಶ ಬಂದು ಪಡುವಣ ದಿಕ್ಕು ನೋಡಿ, "ಮೋಡ ಇಳಿಯಂಗೈತೆ. ನಿಮ್ಮ ಹಿಂದೆ ಯಾರನ್ನೂ ಬಿಡಲ್ಲ, ಗೇಟ್ ಹಾಕ್ತೀನಿ. ಒಂಬತ್ತರೊಳಗೆ ಇಳಿದುಬಿಡ್ರಿ" ಅಂದ. ನಾವು ಮೆಟ್ಟಿಲು ಹತ್ತಿ ಹತ್ತು ನಿಮಿಷವೂ ಆಗಿರಲಿಲ್ಲ, ಸಣ್ಣಗೆ ಸೋನೆ ಶುರುವಾಯಿತು. ಗೇಟಿನ ಬೀಗದ ಸದ್ದು ಅದಕ್ಕಿಂತ ಮೊದಲೇ ಕೇಳಿದ್ದು ನೆನಪಿದೆ.

ತುದಿ ಮುಟ್ಟಿದಾಗ ಎಂಟೂಕಾಲು. ರೂಪಾ ಡಬ್ಬಿ ಬಿಚ್ಚಿ ಅವಲಕ್ಕಿ ಹಂಚುವಷ್ಟರಲ್ಲಿ ಮೋಡ ನಮ್ಮ ಮೇಲೇ ಕೂತಿತು. ಈ ಒಣ ಸೀಮೆಯಲ್ಲಿ ಹಾಗಾಗುವುದು ಅಪರೂಪ. ನೋಡುತ್ತಿದ್ದಂತೆ ಎದುರಿನ ಗಿಡ ಹೋಯಿತು, ಕಾಲಿನ ಮುಂದಿನ ಬಂಡೆ ಹೋಯಿತು, ಕೈ ಚಾಚಿದರೆ ಬೆರಳು ಮಸುಕಾದವು. ಅರ್ಧ ಗಂಟೆ ಕಾದೆವು. ತೆರೆಯುವ ಲಕ್ಷಣ ಕಾಣಲಿಲ್ಲ. ಚಳಿಗೆ ಅಪ್ಪನ ತುಟಿ ನಡುಗುವುದನ್ನು ನೋಡಿ, ಇಳಿಯೋಣ ಅಂದೆ. ದಾರಿ ತಮಗೆ ಬಾಯಿಪಾಠ ಅಂದರು ಪ್ರಕಾಶ್.

ಅಪ್ಪ ಆಗ ತಾವಾಗಿ ಮೇಲ್ವಿಚಾರಣೆ ವಹಿಸಿಕೊಂಡರು. ರೂಪಾಳ ದುಪಟ್ಟಾಕ್ಕೆ ತಮ್ಮ ಟವೆಲ್ ಗಂಟು ಹಾಕಿ ಎಲ್ಲರ ಕೈಗೆ ಕೊಟ್ಟರು. ಕೋಲು ಹಿಡಿದ ಪ್ರಕಾಶ್ ಮುಂದೆ, ಆಮೇಲೆ ರೂಪಾ, ಆಮೇಲೆ ಅಪ್ಪ, ಕೊನೆಗೆ ನಾನು. ಟವೆಲಿನ ತುದಿ ನನ್ನ ಮುಷ್ಟಿಯಿಂದ ಹಿಂದಕ್ಕೆ ಒಂದು ಗೇಣು ಉಳಿದಿತ್ತು.

"ನಾನು ಎಣಿಸ್ರಿ ಅಂದಾಗ ಒಬ್ಬೊಬ್ರೇ ನಂಬರ್ ಹೇಳ್ಬೇಕು" ಅಂದರು ಅಪ್ಪ. "ಹೇಳದಿದ್ರೆ ಗಾಡಿ ಹೊರಡಲ್ಲ."

"ಟಿಕೆಟ್ ತಗಂಡಿಲ್ಲ ಅಂಕಲ್, ನಡೀತದಾ?" ಎಂದು ಪ್ರಕಾಶ್ ಮುಂದಿನಿಂದ ಕೇಳಿದರು.

"ಚೆಕಿಂಗ್ ಬಂದ್ರೆ ನೀವೇ ಇಳೀರಿ."

ಎಲ್ಲರೂ ನಕ್ಕೆವು. ಅದು ಅವತ್ತಿನ ಕೊನೆಯ ನಗು.

ಐವತ್ತು ಹೆಜ್ಜೆ ಇಳಿದ ಮೇಲೆ ಅಪ್ಪ ಎಣಿಸ್ರಿ ಅಂದರು. ಪ್ರಕಾಶ್ ಒಂದು ಅಂದರು. ರೂಪಾ ಎರಡು. ಅಪ್ಪ ಮೂರು. ನಾನು ನಾಲ್ಕು ಅಂದೆ. ನನ್ನ ಹಿಂದೆ, ಸುಮಾರು ಹತ್ತು ಹೆಜ್ಜೆ ದೂರದಿಂದ, ಒಂದು ಗಂಡು ದನಿ ಐದು ಅಂತು.

ಅದು ಹೇಗಿತ್ತೆಂದು ಎಷ್ಟೋ ಜನ ಕೇಳಿದ್ದಾರೆ. ಭಯ ಹುಟ್ಟಿಸುವ ದನಿಯಲ್ಲ. ದಿನವಿಡೀ ದುಡಿದು ದಣಿದವನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಕಂಡಕ್ಟರ್ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗಿತ್ತು. ಪ್ರತಿಧ್ವನಿ ಎಂದುಕೊಂಡು ನಾಲ್ಕು ಹೆಜ್ಜೆ ನಡೆದೆ. ಆಮೇಲೆ, ಹತ್ತು ವರ್ಷದಿಂದ ಮಕ್ಕಳಿಗೆ ನಾನೇ ಹೇಳುತ್ತ ಬಂದದ್ದು ನೆನಪಾಯಿತು. ಬಂಡೆ ನೀವು ಕೂಗಿದ್ದನ್ನೇ ಹಿಂದಿರುಗಿಸುತ್ತದೆ. ನಾವು ಯಾರೂ ಐದು ಎಂದು ಕೂಗಿರಲಿಲ್ಲ.

ಅಪ್ಪ ಒಂದು ಗಳಿಗೆ ನಿಂತರು. ನಂತರ "ರೈಟ್, ಹೋಗಾನ" ಅಂದರು. ನಾನು ಏನೂ ಹೇಳಲಿಲ್ಲ. ಏನು ಹೇಳಲಿ? ಹೇಳಿದರೆ ರೂಪಾ ಹೆದರುತ್ತಾಳೆ, ಜಾರುವ ಬಂಡೆಯ ಮೇಲೆ ಹೆದರಿದ ಕಾಲು ತಪ್ಪುತ್ತದೆ. ಹೀಗೆಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜವಾದ ಕಾರಣ ಬೇರೆ ಇತ್ತು. ಇಂಥದ್ದನ್ನು ಹೇಳುವವರ ಸಾಲಿಗೆ ಸೇರಲು ನನಗೆ ನಾಚಿಕೆಯಾಯಿತು.

ಎರಡನೇ ಸಲ ಎಣಿಸಿದಾಗಲೂ ನಾಲ್ಕರ ನಂತರ ಐದು ಬಂತು. ಈ ಸಲ ಹತ್ತಿರದಿಂದ. ಹಿಂದೆ ತಿರುಗಬೇಕಿತ್ತು. ತಿರುಗಲಿಲ್ಲ. ಅಪ್ಪನ ಬೆನ್ನನ್ನೇ ನೋಡುತ್ತ, ಇವರನ್ನು ಕೆಳಗೆ ಮುಟ್ಟಿಸುವುದೊಂದೇ ನನ್ನ ಕೆಲಸ, ಉಳಿದದ್ದು ಆಮೇಲೆ ಎಂದು ಹಲ್ಲು ಕಚ್ಚಿ ನಡೆದೆ.

ಆಮೇಲಿನದ್ದು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಬಂಡೆ ಇಳಿಜಾರಾಯಿತು, ಕಾಲಡಿಗೆ ಜಾರುವ ಪುಡಿಗಲ್ಲು ಸಿಕ್ಕಿತು. ಅಪ್ಪ ಮೂರನೇ ಸಲ ಎಣಿಸ್ರಿ ಅಂದರು. ನಾವು ನಡೆಯುತ್ತಲೇ ಒಂದು, ಎರಡು, ಮೂರು, ನಾಲ್ಕು ಅಂದೆವು. ಐದು ಎಂದದ್ದು ನನ್ನ ಕಿವಿಯ ಹಿಂದೆ. ಜೊತೆಗೇ ಮುಷ್ಟಿಯಾಚೆ ಉಳಿದಿದ್ದ ಟವೆಲಿನ ತುದಿಯನ್ನು ಯಾರೋ ಹಿಡಿದು ನಿಂತ ಹಾಗೆ ಹಿಂದಕ್ಕೆ ಜಗ್ಗಿತು. ಕಾರೆಮುಳ್ಳಿಗೆ ಸಿಕ್ಕಿರಬಹುದು. ಅಲ್ಲಿ ಗಿಡ ಇತ್ತೋ ಇಲ್ಲವೋ ನಾನು ನೋಡಲಿಲ್ಲ, ಆದ್ದರಿಂದ ಇಲ್ಲವೆಂದು ಹೇಳಲಾರೆ. ನಾನು ಗಕ್ಕನೆ ನಿಂತೆ. ಅಪ್ಪನೂ ನಿಂತರು, ದುಪಟ್ಟಾ ಬಿಗಿದು ರೂಪಾ ನಿಂತಳು, ಅವಳ ಹಿಡಿತಕ್ಕೆ ಪ್ರಕಾಶ್ ನಿಂತರು.

"ಯಾಕ್ರಿ?" ಎಂದು ಅವರು ತಿರುಗುವಾಗ ಅವರ ಬೂಟಿನಿಂದ ಒಂದು ಕಲ್ಲು ಉರುಳಿತು. ಉರುಳಿದ ಸದ್ದು ಎರಡು ಸಲ ಕೇಳಿ ನಿಂತುಹೋಯಿತು. ತುಂಬ ಹೊತ್ತಿನ ಮೇಲೆ, ಎಲ್ಲೋ ಕೆಳಗೆ, ಮತ್ತೆ ಕೇಳಿತು.

ಪ್ರಕಾಶ್ ಕೋಲು ಮುಂದೆ ಚಾಚಿ ನೆಲ ಮುಟ್ಟಲು ನೋಡಿದರು. ನೆಲ ಸಿಗಲಿಲ್ಲ. ಗುಡ್ಡದಲ್ಲಿ ದಾರಿ ಕವಲೊಡೆಯುವಲ್ಲಿ ಒಂದು ದುಂಡುಗಲ್ಲಿದೆ. ಬಲಕ್ಕೆ ಹೋದರೆ ಮೆಟ್ಟಿಲು, ಎಡಕ್ಕೆ ಹೋದರೆ ಕಡಿದಾದ ಕೊರಕಲಿನ ಅಂಚು. ಬಾಯಿಪಾಠವಿದ್ದ ದಾರಿಯಲ್ಲಿ ಅವರು ಎಡಕ್ಕೆ ಬಂದುಬಿಟ್ಟಿದ್ದರು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಒಂದೇ ಬಟ್ಟೆ ಹಿಡಿದ ನಾವು ನಾಲ್ವರೂ ಒಬ್ಬರ ಹಿಂದೊಬ್ಬರು ಹೋಗುತ್ತಿದ್ದೆವು. ಕೂತುಕೊಂಡೇ, ಕೈಯೂರಿ ಹಿಂದಕ್ಕೆ ಸರಿದು, ದುಂಡುಗಲ್ಲು ಸಿಕ್ಕುವವರೆಗೆ ತೆವಳಿ, ಬಲಗಡೆಯ ಕಂಬಿ ಹಿಡಿದೆವು. ಆ ಮೇಲೆ ಅಪ್ಪ ಎಣಿಸಲಿಲ್ಲ.

ಹತ್ತು ಗಂಟೆಗೆ ಕೆಳಗೆ ಬಂದೆವು. ಬೊಮ್ಮಕ್ಕ ಚಾ ಬಸಿದು ಕೊಟ್ಟಳು. ಹಾಸುಬಂಡೆ ಪೂರ್ತಿ ಒದ್ದೆಯಾಗಿ ಕಪ್ಪಗಾಗಿತ್ತು. ಅಪ್ಪ ಹೋಗಿ ಬಗ್ಗಿದರು, ಹಾಗೇ ನಿಂತರು. ಸಾಲಿನಲ್ಲಿ ಐದು ಕಲ್ಲುಗಳಿದ್ದವು.

ನಾವು ನಾಲ್ವರೂ ಒಂದೊಂದು ತೆಗೆದೆವು. ಒಂದು ಉಳಿಯಿತು.

"ಇನ್ನೊಬ್ರು ಮ್ಯಾಲೆ ಅದಾರೆ" ಅಂದಳು ಬೊಮ್ಮಕ್ಕ, ಸಹಜವಾಗಿ.

"ಯಾರೂ ಇಲ್ಲ ಬೊಮ್ಮಕ್ಕ, ಬಂದವ್ರೇ ನಾಲ್ಕು ಜನ" ಅಂದರು ಪ್ರಕಾಶ್. ನಂತರ ನನ್ನ ಕಡೆ ತಿರುಗಿ ಮೆಲ್ಲಗೆ, "ಅಂಕಲ್ ಬೆಳಿಗ್ಗೆ ಒಂದು ಜಾಸ್ತಿ ಇಟ್ಟಿರ್ತಾರೆ ಮೇಡಂ. ಪಾಪ, ಹೋಗ್ಲಿ ಬಿಡ್ರಿ" ಅಂದರು.

ಮೆಲ್ಲಗೆ ಹೇಳಿದರೂ ಅಪ್ಪನಿಗೆ ಕೇಳಿತು. ಮೂವತ್ತು ವರ್ಷ ಎಣಿಸಿದ ಮನುಷ್ಯ ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ನೋಡುತ್ತ, "ಇಟ್ಟಿದ್ರೂ ಇಟ್ಟಿರ್ಬೋದು" ಅಂದರು. ಮುಂದಿನ ವಾರದ ಡಾಕ್ಟರನ್ನು ಅವರು ಆಗಲೇ ಒಪ್ಪಿಕೊಂಡಂತಿತ್ತು.

ನಾನು ಫೋನು ತೆಗೆದು ಬೆಳಗಿನ ಫೋಟೊ ನೋಡಿದೆ. ಅಪ್ಪ ಬಗ್ಗಿದ್ದಾರೆ, ಕೊನೆಯ ಕಲ್ಲಿನ ಮೇಲೆ ಅವರ ಕೈಯಿದೆ. ನಾಲ್ಕೇ ಕಲ್ಲು. ಎಲ್ಲರಿಗೂ ತೋರಿಸಿದೆ. ಹಾಗಾದರೆ ಆಮೇಲೆ ಯಾರೋ ಇಟ್ಟರು ಅಂದರು ಪ್ರಕಾಶ್. ಗೇಟು ತೆರೆದೇ ಇಲ್ಲ ಅಂದ ಓಬಳೇಶ. ನಾನು ಎದ್ದೇ ಇಲ್ಲ, ನನ್ನ ಕಣ್ಣೆದುರೇ ಬಂಡೆ ಐತೆ ಅಂದಳು ಬೊಮ್ಮಕ್ಕ.

ನಾನು ಬಂಡೆಯ ಬಳಿ ಕೂತೆ. ನಾವು ತೆಗೆದ ನಾಲ್ಕು ಕಲ್ಲುಗಳ ಜಾಗದಲ್ಲಿ ನಾಲ್ಕು ಒಣ ಗುರುತುಗಳಿದ್ದವು. ಸೋನೆಗೆ ಮೊದಲೇ ಇಟ್ಟದ್ದರಿಂದ ಅವುಗಳ ಅಡಿ ನೆನೆದಿರಲಿಲ್ಲ. ಬೇರೆಯವರ ಕಲ್ಲು ಮುಟ್ಟಬಾರದೆಂಬ ನಿಯಮ ನನಗೆ ಗೊತ್ತು. ಬೊಮ್ಮಕ್ಕ "ಏಯ್" ಅನ್ನುವಷ್ಟರಲ್ಲಿ ಐದನೆಯದರ ಒಂದು ಅಂಚನ್ನು ಬೆರಳಿನಿಂದ ಎತ್ತಿ ನೋಡಿ ಹಾಗೆಯೇ ಇಳಿಸಿದೆ. ಅದರ ಅಡಿಯೂ ಒಣಗಿತ್ತು.

ಆಗ ನನ್ನೊಳಗೆ ಏನೋ ಗಟ್ಟಿಯಾಯಿತು. ನಾನು ಸುಮ್ಮನಿದ್ದರೆ ಏನಾಗುತ್ತದೆಂದು ಸ್ಪಷ್ಟವಾಗಿ ಕಂಡಿತು. ಗಾಡಿ ಹತ್ತುತ್ತೇವೆ, ಮನೆಗೆ ಹೋಗುತ್ತೇವೆ. ಮೇಲೆ ಯಾರೂ ಇಲ್ಲದಿದ್ದರೆ ಸರಿ. ಇದ್ದರೆ ಅವರನ್ನು ಸಾಯಲು ಬಿಟ್ಟವಳು ನಾನು, ಏಕೆಂದರೆ ಈ ಕಲ್ಲನ್ನು ನಂಬಲು ಕಾರಣವಿರುವವಳು ಇಲ್ಲಿ ನಾನೊಬ್ಬಳೇ. ತಪ್ಪಾದರೆ ಸ್ಟಾಫ್ ರೂಮಿನಲ್ಲಿ ಒಂದು ವರ್ಷ ನಗುತ್ತಾರೆ. ನಗಲಿ.

"ಇಳಿಯೋವಾಗ ನನ್ನ ಹಿಂದೆ ಒಬ್ರು ಐದು ಅಂದ್ರು" ಅಂದೆ. "ಮೂರು ಸಲ. ನಾನು ಹೇಳ್ಲಿಲ್ಲ."

ಪ್ರಕಾಶ್, ರೂಪಾ ಇಬ್ಬರೂ ನನ್ನನ್ನೇ ನೋಡಿದರು. ಅವರಿಗೆ ಏನೂ ಕೇಳಿರಲಿಲ್ಲ. ಅಪ್ಪ ಮಾತ್ರ ಕಲ್ಲುಬೆಂಚಿನ ಮೇಲೆ ಕುಸಿದು ಕೂತರು.

"ನಿಂಗೂ ಕೇಳಿಸ್ತಾ?" ಅಂದರು. "ನಂಗೆ ತಲೆ ಕೆಟ್ಟಿತು ಅಂತ ಮಾಡಿದ್ದೆ ಕಣವ್ವ. ಹೇಳಿದ್ರೆ ಡಾಕ್ಟ್ರಿಗೆ ಇದನ್ನೂ ಹೇಳ್ತೀಯ ಅಂತ ಬಾಯಿ ಮುಚ್ಕಂಡಿದ್ದೆ."

ನಾನು ಓಬಳೇಶನಿಗೆ ಮೇಲೆ ಹೋಗಬೇಕು ಅಂದೆ. ಅವನು ಮೋಡ ನೋಡಿದ. ಮೋಡ ಇದ್ದಾಗ ಯಾರನ್ನೂ ಬಿಡುವಂತಿಲ್ಲ, ಏನಾದರೂ ಆದರೆ ತನ್ನ ಕೆಲಸ ಹೋಗುತ್ತದೆ ಅಂದ. ಬೊಮ್ಮಕ್ಕ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ನಿಮ್ಮಪ್ಪ ಕುರಿ ಕಾಯ್ತಿದ್ದಾಗ ಕಲ್ಲು ಉಳಿದ್ರೆ ಮೋಡ ನೋಡ್ತಿದ್ನೇನೋ ಓಬ್ಳೇಶ? ಯೂನಿಫಾರಂ ಹಾಕ್ಕಂಡ ಮ್ಯಾಲೆ ಭಾರಿ ಕಾನೂನು ಬಂತು ನಿಂಗೆ."

ಅವನು ಶೆಡ್ಡಿನಿಂದ ಹಗ್ಗ ತಂದ. ಬುಡದಲ್ಲಿ ಫೋನು ಸಿಗ್ನಲ್ ಇರಲಿಲ್ಲ, ಹಾಗಾಗಿ ಪ್ರಕಾಶ್ ಮತ್ತು ರೂಪಾ ಹತ್ತಿರದ ಹಳ್ಳಿಗೆ ಹೋಗಿ ಆಂಬುಲೆನ್ಸಿಗೆ ಹೇಳಿ, ಜನ ಕರೆತರುವುದೆಂದಾಯಿತು. ಮೇಲೆ ಯಾರೂ ಸಿಗದಿದ್ದರೆ ಎಂದು ಪ್ರಕಾಶ್ ಕೇಳಲು ಹೊರಟು ನಿಲ್ಲಿಸಿದರು. ಅಪ್ಪನಿಗೆ ಇಲ್ಲೇ ಕೂತಿರಿ ಅಂದೆ. "ಟ್ರಿಪ್ ಮುಗಿದಿಲ್ಲ" ಎಂದು ಅವರು ನನಗಿಂತ ಮೊದಲು ಮೆಟ್ಟಿಲು ಹತ್ತಿದರು.

ಎಲ್ಲಿ ಹುಡುಕಬೇಕೆಂದು ನನಗೆ ಅನುಮಾನವೇ ಇರಲಿಲ್ಲ. ದುಂಡುಗಲ್ಲಿನಿಂದ ಎಡಕ್ಕೆ ಹೋದೆವು. ಓಬಳೇಶ ಹಗ್ಗವನ್ನು ಕಲ್ಲಿಗೆ ಬಿಗಿದ. ಅಂಚಿಗೆ ಹತ್ತು ಅಡಿ ಹಿಂದೆ ಹೊಟ್ಟೆಯ ಮೇಲೆ ಮಲಗಿ ಕೂಗಿದೆವು. ಯಾರಿದ್ದೀರಿ, ಯಾರಾದರೂ ಇದ್ದೀರಾ. ಉತ್ತರ ಇಲ್ಲ. ಮತ್ತೆ ಕೂಗಿದೆವು. ನಮ್ಮ ದನಿಯೇ ಎದುರು ಬಂಡೆಗೆ ಬಡಿದು ಬಂತು, ನಾವು ಕೂಗಿದ್ದು ಹೇಗಿತ್ತೋ ಹಾಗೇ. ಕಾಲು ಗಂಟೆಯ ಮೇಲೆ ಓಬಳೇಶ, "ಇಲ್ಲ ಅನಿಸ್ತದೆ ಮೇಡಂ" ಅಂದ.

ಅಪ್ಪ ನಮ್ಮ ಹಿಂದೆ ಕೂತಿದ್ದರು. ಅವರು ಎದ್ದು, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವ ಹಾಗೆ ಹಗ್ಗ ಹಿಡಿದು ನಿಂತು, ಎಣಿಸ್ರಿ ಅಂದರು. ತಾವೇ ಒಂದು ಅಂದರು. ಓಬಳೇಶ ಅರ್ಥವಾಗದೆ ನನ್ನನ್ನು ನೋಡಿದ. ನಾನು ಎರಡು ಅಂದೆ. ಅವನು ಮೂರು ಅಂದ.

ಕೆಳಗಿನಿಂದ ಕಲ್ಲಿಗೆ ಕಲ್ಲು ಕುಟ್ಟಿದ ಸದ್ದು ಬಂತು. ಒಂದೇ ಸಲ.

ಕಲ್ಲು ಕುಟ್ಟಿದವರು ಅಂಚಿನಿಂದ ಮೂರಾಳು ಕೆಳಗೆ, ಎರಡು ಬಂಡೆಗಳ ಸೀಳಿನಲ್ಲಿ ಸಿಕ್ಕಿಕೊಂಡಿದ್ದರು. ನಲವತ್ತರ ಆಸುಪಾಸಿನ ಮನುಷ್ಯ. ಒಂದು ಕಾಲು ಮುರಿದು ಮಡಚಿತ್ತು, ದವಡೆ ಮುರಿದು ಬಾಯಿ ತೆರೆಯುತ್ತಿರಲಿಲ್ಲ. ಹಳ್ಳಿಯ ಆರೇಳು ಜನ ಬಂದು, ಕಂಬಳಿಗೆ ಬಿದಿರು ಕಟ್ಟಿ ಅವರನ್ನು ಇಳಿಸುವಾಗ ಹನ್ನೆರಡಕ್ಕೆ ಐದು ನಿಮಿಷ. ಇನ್ನೊಂದು ರಾತ್ರಿ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ.

ಎರಡು ತಿಂಗಳ ಮೇಲೆ ಅಪ್ಪನೂ ನಾನೂ ಹೊನ್ನಾಳಿಗೆ ಹೋಗಿ ಅವರನ್ನು ಕಂಡೆವು. ಅವರದು ಅಲ್ಲಿ ಕನ್ನಡಕದ ಅಂಗಡಿ. ಹೆಸರು ಬರೆಯಬೇಡಿ ಎಂದಿದ್ದರಿಂದ ಬರೆಯುತ್ತಿಲ್ಲ. ದವಡೆಗೆ ಹಾಕಿದ್ದ ತಂತಿ ಆಗಷ್ಟೇ ತೆಗೆದಿದ್ದರು, ಮಾತು ನಿಧಾನವಾಗಿತ್ತು. ಮನೆಯಲ್ಲಿ ಚನ್ನಗಿರಿ ಕಡೆಯ ಸಂತೇಬೆನ್ನೂರಿಗೆ ಹೋಗುತ್ತೇನೆಂದು ಹೇಳಿ, ಶನಿವಾರ ಸಂಜೆ ಗುಡ್ಡದ ಹಿಂಬದಿಯಿಂದ ಒಬ್ಬರೇ ಹತ್ತಿದ್ದರಂತೆ, ಮೇಲೆ ರಾತ್ರಿ ಕಳೆದು ಸೂರ್ಯೋದಯ ನೋಡುವ ಆಸೆಗೆ. ಕತ್ತಲಾಗುವ ಹೊತ್ತಿಗೆ ಜಾರಿದರು. ಹಿಂದಿನ ಹಳ್ಳಿಯಲ್ಲಿ ನಿಲ್ಲಿಸಿದ್ದ ಅವರ ಬೈಕನ್ನು ಕುರಿ ವ್ಯಾಪಾರಿಯದ್ದೆಂದು ಜನ ಸುಮ್ಮನಿದ್ದರು. ಅವರನ್ನು ಹುಡುಕುವವರು ಚನ್ನಗಿರಿ ಕಡೆ ಹುಡುಕುತ್ತಿದ್ದರು. ಮುಂಬದಿಯ ಗೇಟಿನೊಳಗಿನ ಹಾಸುಬಂಡೆಯನ್ನು ಅವರು ಕಂಡೇ ಇರಲಿಲ್ಲ, ಕಲ್ಲಿಡುವ ಪದ್ಧತಿ ಕೇಳಿಯೂ ಇರಲಿಲ್ಲ.

ನಾನು ದನಿಯ ವಿಷಯ ಹೇಳಲಿಲ್ಲ, ಬೇಕೆಂದೇ. ಬಿದ್ದ ಮೇಲೆ ಏನಾದರೂ ನೆನಪಿದೆಯೇ ಎಂದಷ್ಟೇ ಕೇಳಿದೆ.

"ನೆಪ್ಪೇ ಇಲ್ರಿ" ಅಂದರು. "ಬೆಳಗಾಗಿತ್ತೋ ಇಲ್ಲೋ. ಬಸ್ಸಿನಾಗೆ ಕುಂತಂಗೆ ಅನ್ನಿಸ್ತಿತ್ತು. ಕಂಡಕ್ಟ್ರು ತಲೆ ಎಣಿಸ್ತಿದ್ರು. ನನ್ನ ಬಿಟ್ಟು ರೈಟ್ ಅಂದ್ಬಿಡ್ತಾರೇನೋ ಅಂತ ಒಂದೇ ಭಯ. ನಾನಿದೀನಿ ಅಂತ ಕೂಗಾಕೆ ನೋಡ್ತಿದ್ದೆ, ಬಾಯಿ ಬರ್ತಿರ್ಲಿಲ್ಲ."

ಅಪ್ಪ ಕಂಡಕ್ಟರ್ ಆಗಿದ್ದರೆಂದು ಅವರಿಗೆ ನಾವು ಹೇಳಿರಲಿಲ್ಲ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, "ಬಿಟ್ಟಿಲ್ವಲ್ಲ" ಅಂದರು. ಅಂಗಡಿಯವರು ಅದನ್ನು ಸಾಂತ್ವನದ ಮಾತೆಂದುಕೊಂಡರು.

ಇದನ್ನೆಲ್ಲ ನಾನು ಬಿಡಿಸಿ ನೋಡಿದ್ದೇನೆ. ನಾವು ಎಣಿಸುವುದು ಅವರಿಗೆ ಅರೆಪ್ರಜ್ಞೆಯಲ್ಲಿ ಕೇಳಿರಬಹುದು. ಆದರೆ ಮೊದಲ ಎಣಿಕೆ ನಡೆದದ್ದು ಗುಡ್ಡದ ತುದಿಯ ಬಳಿ, ಅಲ್ಲಿಂದ ಆ ಸೀಳಿಗೆ ಅರ್ಧ ಗಂಟೆಯ ದಾರಿ. ಭಯದಲ್ಲಿ ನನಗೂ ಅಪ್ಪನಿಗೂ ಭ್ರಮೆಯಾಯಿತೆನ್ನಬಹುದು. ಆಗ ಇಬ್ಬರಿಗೂ ಅದೇ ಮೂರು ಸಲ ಆಯಿತೆನ್ನಬೇಕಾಗುತ್ತದೆ. ಗೇಟು ಹಾಕುವ ಮೊದಲಿನ ಕೆಲವು ನಿಮಿಷಗಳಲ್ಲಿ ಬೊಮ್ಮಕ್ಕನ ಕಣ್ಣು ತಪ್ಪಿಸಿ ಯಾರೋ ತಮಾಷೆಗೆ ಕಲ್ಲಿಟ್ಟರೆನ್ನಬಹುದು. ಹಾಗೆಂದು ಪ್ರಕಾಶ್ ಈಗಲೂ ಹೇಳುತ್ತಾರೆ. ನಾನು ಅಲ್ಲವೆನ್ನುವುದಿಲ್ಲ. ಒಂದೊಂದನ್ನೇ ತೆಗೆದುಕೊಂಡರೆ ಎಲ್ಲಕ್ಕೂ ಉತ್ತರ ಸಿಗುತ್ತದೆ. ಒಟ್ಟಿಗೆ ಇಟ್ಟರೆ ನನ್ನ ಕೈಯಲ್ಲಿ ಆಗುವುದಿಲ್ಲ.

ಆ ಐದನೇ ಕಲ್ಲನ್ನು ಬೊಮ್ಮಕ್ಕ ಯಾರಿಗೂ ಮುಟ್ಟಗೊಡಲಿಲ್ಲ. ಆರು ತಿಂಗಳು ಅದು ಅಲ್ಲೇ ಇತ್ತು. ಕನ್ನಡಕದ ಅಂಗಡಿಯವರು ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಬಂದು, ಅವಳು ಹೇಳಿದಂತೆ ತಮ್ಮ ಕೈಯಿಂದಲೇ ತೆಗೆದರು. ಇದು ನಾನಿಟ್ಟದ್ದಲ್ಲ ಎಂದು ಮೂರು ಸಲ ಹೇಳಿದರು. "ಇರ್ಲಿ, ತೆಗೀರಿ" ಅಂದಳು ಅವಳು.

ಅಪ್ಪನ ಮರೆವು ನಿಜವಾಗಿತ್ತು. ಡಾಕ್ಟರು ಅದಕ್ಕೆ ಹೆಸರು ಹೇಳಿದರು, ಈಗ ಅದು ಹೆಚ್ಚಾಗಿದೆ. ನನ್ನ ಹೆಸರು ಕೆಲವು ದಿನ ಅವರಿಗೆ ಸಿಗುವುದಿಲ್ಲ. ಆದರೂ ತಿಂಗಳಿಗೊಮ್ಮೆ ಅವರನ್ನು ಎಮ್ಮೆಬೆನ್ನಿಗೆ ಕರೆದುಕೊಂಡು ಹೋಗುತ್ತೇನೆ. ಮೆಟ್ಟಿಲಿರುವಷ್ಟೇ ಹತ್ತಿ ಇಳಿಯುತ್ತೇವೆ. ಎರಡು ಕಲ್ಲು ಇಡುತ್ತಾರೆ, ಎರಡು ತೆಗೆಯುತ್ತಾರೆ, ತಪ್ಪಿಲ್ಲ. ಇಳಿಯುವ ಮೊದಲು ಎಣಿಸ್ರಿ ಎನ್ನುತ್ತಾರೆ. ತಾವು ಒಂದು ಅನ್ನುತ್ತಾರೆ, ನಾನು ಎರಡು ಅನ್ನುತ್ತೇನೆ. ಆಮೇಲೆ ಅವರು ರೈಟ್ ಎನ್ನದೆ ನನ್ನ ಮುಖ ನೋಡುತ್ತ ನಿಲ್ಲುತ್ತಾರೆ. ಅವತ್ತು ಮೂರು ಸಲ ಮಾಡದೆ ಬಿಟ್ಟದ್ದನ್ನು ನಾನು ಆಗ ಮಾಡುತ್ತೇನೆ. ಹಿಂದೆ ತಿರುಗಿ, ಮೆಟ್ಟಿಲು ಕಾಣುವಷ್ಟು ದೂರ ನೋಡಿ, ಯಾರೂ ಇಲ್ಲ ಅನ್ನುತ್ತೇನೆ. ಹಾಗೆ ಹೇಳುವ ಮೊದಲು ಸ್ವಲ್ಪ ಹೊತ್ತು ಕಾಯುತ್ತೇನೆ.